ಹುಳುಗಳ ಮಳೆ, ಮೇಷ್ಟ್ರ ಪೆಟ್ಟಿಗೆ

ನಾಟಕಗಳಿಗೆ ಸದ್ದು ಹೊಂದಿಸುವ ಕೆಲಸವನ್ನು ನಾನು ಬಿಟ್ಟದ್ದು ಕೈ ಸೋತು ಅಲ್ಲ, ಕಿವಿ ಸೋತು. ಬಲಗಿವಿ ಮಂದವಾಗಿದೆ. ಮನೆಯಲ್ಲಿ ಕುಕ್ಕರ್ ಕೂಗಿದ್ದು ಕೇಳಿಸದೆ ಬೇಳೆ ತಳ ಹಿಡಿದ ದಿನ, ಇನ್ನು ಊರಿನವರ ನಾಟಕವನ್ನು ಈ ಕಿವಿಗೆ ಒಪ್ಪಿಸುವುದು ನ್ಯಾಯವಲ್ಲ ಎನ್ನಿಸಿತು. ಆದರೂ ಸದ್ದು ತುಂಬಿಟ್ಟು ನುಡಿಸುವ ಸ್ಯಾಂಪ್ಲರ್ ಪೆಟ್ಟಿಗೆಯನ್ನು ಹೊಸದಾಗಿ ಕೊಂಡವರು ಚನ್ನಪಟ್ಟಣದ ನಮ್ಮ ಮನೆಗೆ ಆಗಾಗ ಬರುತ್ತಾರೆ. "ಜಯಕ್ಕ, ಇದ್ರಲ್ಲಿ ರೆಕಾರ್ಡ್ ಮಾಡೋದು ಹೆಂಗೆ?" ಎನ್ನುತ್ತಾರೆ. ಕಾಫಿ ಕೊಟ್ಟು, ಗುಂಡಿಗಳನ್ನು ತೋರಿಸಿ ಕಳಿಸುತ್ತೇನೆ. ಗುಂಡಿ ಒತ್ತುವ ಮುಂಚೆ ಮತ್ತು ಒತ್ತಿದ ಮೇಲೆ ಏನೇನು ಆಗುತ್ತದೆ ಎಂಬುದು ಮಾತ್ರ ಒಂದು ಕಾಫಿಯಲ್ಲಿ ಮುಗಿಯುವ ವಿಷಯವಲ್ಲ. ಅದಕ್ಕೇ ಬರೆಯಲು ಕುಳಿತಿದ್ದೇನೆ.

ನಮ್ಮ ಕಡೆಯ ಪೌರಾಣಿಕ ನಾಟಕಗಳನ್ನು ನೋಡದವರಿಗೆ ಒಂದು ಮಾತು ಹೇಳಬೇಕು. ಇಲ್ಲಿ ರಾಜನ ಪಾರ್ಟು ಮಾಡುವವರು ನಟರಲ್ಲ. ಬೆಳಿಗ್ಗೆ ರಾಗಿ ಹೊಲಕ್ಕೆ ಹೋದವರು, ಡೇರಿಗೆ ಹಾಲು ಹಾಕಿ ಬಂದವರು, ಬಿಡದಿಯ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಬಂದವರು ಸೇರಿ ಹಾಡು, ಮಾತು ಕಲಿಯುತ್ತಾರೆ. ಕಲಿಸುವವರು ಹಾರ್ಮೋನಿಯಂ ಮೇಷ್ಟ್ರು. ಆಟದ ದಿನ ರಂಗದ ಮುಂದೆ ಕುಳಿತು ಇಡೀ ನಾಟಕವನ್ನು ನಡೆಸುವವರೂ ಅವರೇ. ಅವರ ಪಕ್ಕದಲ್ಲಿ ಒಬ್ಬರು ತಬಲ, ಇನ್ನೊಬ್ಬರು ಗುಡುಗು, ಮಳೆ, ಕುದುರೆ, ಶಂಖ. ಆ ಇನ್ನೊಬ್ಬರು ನಾನು.

ನನ್ನ ಮೇಷ್ಟ್ರು ಗುಡೇಮಾರನಹಳ್ಳಿಯ ಮರಿಲಿಂಗಯ್ಯನವರು. ನಾನು ಸೇರಿದ ಹೊಸದರಲ್ಲಿ, ಹೆಂಗಸು ಬಂದು ಗುಡುಗು ಬಡಿಯುತ್ತಾಳೆಯೇ ಎಂದು ಯಾರೋ ಅವರೆದುರಿಗೇ ಕೇಳಿದರು. "ಗುಡುಗೇನು ಗಂಡ್ಸಾ? ಸುಮ್ಕೆ ಕುಂತ್ಕಳಯ್ಯ" ಎಂದರು ಮೇಷ್ಟ್ರು. ಅಲ್ಲಿಗೆ ಆ ಚರ್ಚೆ ಮುಗಿಯಿತು. ಹೊಗಳುವ ಅಭ್ಯಾಸ ಅವರಿಗೆ ಇರಲಿಲ್ಲ. ತುಂಬ ಸಂತೋಷವಾದರೆ "ಪರ್ವಾಗಿಲ್ಲ" ಎನ್ನುತ್ತಿದ್ದರು. ಅವರ ಜೊತೆ ಕೆಲಸ ಮಾಡಿದ ನಾವೆಲ್ಲ ಆ ಒಂದು ಮಾತಿಗೆ ತಿಂಗಳುಗಟ್ಟಲೆ ಕಾಯುತ್ತಿದ್ದೆವು.

ಆಗ ಗುಡುಗು ಎಂದರೆ ತಗಡು. ಕುದುರೆ ಎಂದರೆ ತೆಂಗಿನ ಚಿಪ್ಪು. ನನ್ನ ಸುತ್ತ ಇವೆಲ್ಲ ಹರಡಿಕೊಂಡು ಗುಜರಿ ಅಂಗಡಿಯವಳ ಹಾಗೆ ಕೂರುತ್ತಿದ್ದೆ. ಆರ್ಕೆಸ್ಟ್ರಾ ಬಿಟ್ಟವರೊಬ್ಬರಿಂದ ಹಳೆಯ ಸ್ಯಾಂಪ್ಲರ್ ಕೊಂಡ ಮೇಲೆ ಆ ಸಂತೆ ತಪ್ಪಿತು. ಟಿಫನ್ ಡಬ್ಬಿಯನ್ನು ಚಪ್ಪಟೆ ಮಾಡಿದಂಥ ಪೆಟ್ಟಿಗೆ, ಮೇಲೆ ಸಾಲಾಗಿ ರಬ್ಬರ್ ಗುಂಡಿಗಳು, ಒಂದು ಸಣ್ಣ ಪರದೆ. ಮೈಕಿನಿಂದ ಯಾವ ಸದ್ದನ್ನಾದರೂ ಒಳಗೆ ತುಂಬಿಕೊಂಡು ಒಂದು ಗುಂಡಿಗೆ ಕಟ್ಟಿದರೆ, ಗುಂಡಿ ಒತ್ತಿದಾಗಲೆಲ್ಲ ಅದು ಬರುತ್ತದೆ. ಕೀಬೋರ್ಡ್ ಜೋಡಿಸಿದರೆ ಅದೇ ಸದ್ದನ್ನು ಸ್ವರಗಳಾಗಿಯೂ ನುಡಿಸಬಹುದು.

ಮೊದಲ ದಿನ ಏನೂ ಬರಲಿಲ್ಲ. ಮೈಕು ಚುಚ್ಚಿದ್ದೆ, ರೆಕಾರ್ಡ್ ಗುಂಡಿ ಒತ್ತಿದ್ದೆ, ಪರದೆಯ ಮೇಲಿನ ಗೆರೆ ಮಾತ್ರ ಮಲಗೇ ಇತ್ತು. ಮೇಷ್ಟ್ರು ಮೈಕಿನ ಮುಂದೆ ಬಾಗಿ "ಓಯ್" ಎಂದರು. ಗೆರೆ ಅಲ್ಲಾಡಲಿಲ್ಲ. "ಇದ್ಕೆ ನನ್ಗಿಂತ ಮುಂಚೆ ಕಿವಿ ಹೋಗೈತೆ ಕಣಮ್ಮ" ಎಂದರು. ಆಮೇಲೆ ನೋಡಿದರೆ, ಸದ್ದು ಎಲ್ಲಿಂದ ಬರುತ್ತದೆ ಎಂದು ಪೆಟ್ಟಿಗೆಗೆ ಹೇಳುವ ಕಡೆ "ಲೈನ್" ಎಂದಿತ್ತು. ಅದು ಕೀಬೋರ್ಡು, ಟೇಪ್‌ರೆಕಾರ್ಡರುಗಳ ಜೋರು ಸದ್ದಿಗೆ. ಮೈಕಿನ ಸದ್ದು ಬಡಪಾಯಿ. ಅದನ್ನು ಎತ್ತಿಕೊಳ್ಳಲು "ಮೈಕ್" ಎಂದೇ ಆರಿಸಬೇಕು. ಆರಿಸಿದೆ. ಆದರೆ ಸ್ಪೀಕರ್ ಬಂದ್ ಮಾಡಿರಲಿಲ್ಲ. ಸ್ಪೀಕರಿನ ಸದ್ದು ಮೈಕಿಗೆ, ಮೈಕಿನದು ಮತ್ತೆ ಸ್ಪೀಕರಿಗೆ ಸುತ್ತಿ, ಕುಯ್ ಎಂದು ಕಿರುಚಿದ ರಭಸಕ್ಕೆ ಹಿತ್ತಲಿನಲ್ಲಿ ಕಟ್ಟಿದ್ದ ಎಮ್ಮೆ ಹಗ್ಗ ಕಿತ್ತುಕೊಂಡು ಹೋಯಿತು. ರೆಕಾರ್ಡ್ ಮಾಡುವಾಗ ಸ್ಪೀಕರ್ ಬಂದ್ ಮಾಡಿ ಹೆಡ್‌ಫೋನ್ ಹಾಕಿಕೊಳ್ಳಿ ಎಂದು ನಾನು ಈಗ ಎಲ್ಲರಿಗೂ ಹೇಳುವಾಗ ಆ ಎಮ್ಮೆಯೇ ಕಣ್ಣ ಮುಂದೆ ಬರುತ್ತದೆ.

ಗುಡುಗಿನ ವಿಷಯದಲ್ಲಿ ಇನ್ನೊಂದು ಪಾಠ ಕಲಿತೆ. ತಗಡಿನ ಪಕ್ಕದಲ್ಲೇ ಮೈಕಿಟ್ಟು ಬಡಿದರೆ ಪೆಟ್ಟಿಗೆಯ ಕೆಂಪು ದೀಪ ಹತ್ತಿಕೊಳ್ಳುತ್ತಿತ್ತು. ಕೇಳಿದರೆ ಗುಡುಗಲ್ಲ, ಹಳೇ ಸೀರೆ ಹರಿದಂಥ ಸದ್ದು. ಕೆಂಪು ದೀಪ ಹತ್ತಿತೆಂದರೆ ಸದ್ದು ಒಳಗೆ ಹಿಡಿಸದೆ ತುದಿ ಒಡೆದುಹೋಯಿತು ಎಂದು ಅರ್ಥ. ಒಡೆದದ್ದನ್ನು ಆಮೇಲೆ ಸರಿಮಾಡಲು ಬರುವುದಿಲ್ಲ. ಲೆವೆಲ್ ತಗ್ಗಿಸಿ, ತಗಡನ್ನು ಅಂಗಳಕ್ಕೆ ಒಯ್ದು, ಮೈಕನ್ನು ನಡುಮನೆಯ ಬಾಗಿಲ ಹಿಂದಿಟ್ಟೆ. ಆಗ ಬಂದ ಗುಡುಗಿಗೆ ಪಕ್ಕದ ಮನೆಯವರು ಒಣಹಾಕಿದ್ದ ಬಟ್ಟೆ ತೆಗೆದರು. ಕುದುರೆಗೆ ಮಾತ್ರ ತೆಂಗಿನ ಚಿಪ್ಪು ಬಿಟ್ಟು, ನಮ್ಮ ಬೀದಿಯ ಬೊಂಬೆ ಕಾರ್ಖಾನೆಯಲ್ಲಿ ಉಳಿದ ಹಾಲೆ ಮರದ ತುಂಡುಗಳನ್ನು ತಂದೆ. ಒಣಗಿದ ತುಂಡಿಗೂ ಹಸಿಯ ತುಂಡಿಗೂ ಸದ್ದು ಬೇರೆ. ಒಣಗಿದ್ದು ಕಲ್ಲುದಾರಿಯ ಕುದುರೆ, ಹಸಿಯದು ಮಣ್ಣುದಾರಿಯದು.

ಮಳೆ ಮಾತ್ರ ಸಿಗಲಿಲ್ಲ. ನಿಜವಾದ ಮಳೆಯನ್ನೇ ತುಂಬಿಸಿದೆ. ಸ್ಪೀಕರಿನಲ್ಲಿ ಅದು ಒಗ್ಗರಣೆ ಸಿಡಿದ ಹಾಗೆ ಕೇಳಿಸಿತು. ಜರಡಿಯಲ್ಲಿ ಅಕ್ಕಿ ಆಡಿಸಿದೆ, ಅದು ಅಕ್ಕಿಯೇ. ಒಂದು ದಿನ ಮೇಷ್ಟ್ರ ಮನೆಗೆ ಹೋಗಿದ್ದಾಗ ಅವರ ಹೆಂಡತಿ ಗೌರಮ್ಮ ಹುಳುಮನೆಯಿಂದ ಹೊರಗೆ ಬಂದರು. ಬಾಗಿಲು ತೆರೆದ ಕ್ಷಣ ಒಳಗಿನಿಂದ ಜಿನುಗುಮಳೆಯ ಸದ್ದು ಬಂತು. ಆಕಾಶ ನೋಡಿದೆ, ಬಿಸಿಲು ಸುಡುತ್ತಿತ್ತು. ನಾಲ್ಕನೇ ಜ್ವರ ಎದ್ದ ರೇಷ್ಮೆಹುಳುಗಳು ಸೊಪ್ಪು ತಿನ್ನುತ್ತಿದ್ದವು. ಜ್ವರ ಎಂದರೆ ಹುಳು ಮೇವು ಬಿಟ್ಟು ಮಲಗಿ ಪೊರೆ ಕಳಚುವ ಸಮಯ. ನಾಲ್ಕನೆಯದು ಮುಗಿಸಿ ಎದ್ದ ಹುಳುವಿನ ಹಸಿವಿಗೆ ಕೊನೆಯಿಲ್ಲ.

"ಗೌರಕ್ಕ, ಆ ಸದ್ದು ನಂಗೆ ಬೇಕು" ಎಂದೆ.

"ಸದ್ದು ತಕ್ಕ, ಹುಳ ಮುಟ್ಬೇಡ. ಕೈಕಾಲು ತೊಳ್ಕೊಂಡು ಬಾ. ಸೆಂಟು ಗಿಂಟು ಹಾಕಿದ್ರೆ ಒಳಕ್ಕೆ ಬುಡಲ್ಲ" ಎಂದರು.

ತಟ್ಟೆಗಳ ಮೇಲೆ ಮೈಕು ತೂಗುಹಾಕಿ, ಲೆವೆಲನ್ನು ತುದಿಗೇರಿಸಿದೆ. ಮೊಬೈಲುಗಳನ್ನೆಲ್ಲ ಹೊರಗಿಡಿಸಿದೆ, ಅವು ಹತ್ತಿರವಿದ್ದರೆ ಟಿಕ್ ಟಿಕ್ ಎನ್ನುವುದು ಕೂಡ ಒಳಗೆ ಬರುತ್ತದೆ. ನನ್ನ ಪೆಟ್ಟಿಗೆಯಲ್ಲಿ ಒಂದು ಏರ್ಪಾಡು ಇತ್ತು. ನಾವು ಹೇಳಿದಷ್ಟು ಸದ್ದು ಬರುವತನಕ ಅದು ಕಾದಿದ್ದು, ಬಂದ ಕೂಡಲೇ ತಾನಾಗಿ ರೆಕಾರ್ಡ್ ಶುರು ಮಾಡುತ್ತದೆ. ಹುಳುಗಳ ಸದ್ದು ಅದಕ್ಕೆ ಸಾಲದಾಯಿತು. ಪೆಟ್ಟಿಗೆ ಕಾಯುತ್ತಲೇ ಇತ್ತು. ನಾವೂ ಉಸಿರು ಬಿಗಿಹಿಡಿದು ಕಾದೆವು. ಕೊನೆಗೆ ಬಾಗಿಲಲ್ಲಿ ನಿಂತಿದ್ದ ಮೇಷ್ಟ್ರು ತಡೆಯಲಾರದೆ ಕೆಮ್ಮಿ, "ಸುರು ಆಯ್ತೇನಮ್ಮಾ?" ಎಂದರು. ಪೆಟ್ಟಿಗೆ ಶುರು ಮಾಡಿತು. ನಾನು ಕೈಯೆತ್ತಿ ಅವರನ್ನು ಸುಮ್ಮನಾಗಿಸಿದೆ. ಆಮೇಲೆ ಬಂದ ಮಳೆ ಎಷ್ಟು ಚೆನ್ನಾಗಿತ್ತೆಂದರೆ, ಹೆಡ್‌ಫೋನಿನಲ್ಲಿ ಕೇಳುತ್ತಾ ನನಗೆ ಕಾಲು ತಣ್ಣಗಾದಂತಾಯಿತು.

ಹಾಗೇ ಸೇವ್ ಮಾಡಿಕೊಂಡು ಮನೆಗೆ ಬಂದೆ. ಕೆಮ್ಮನ್ನೂ ಮಾತನ್ನೂ ಮುಂದಿನಿಂದ ಕತ್ತರಿಸಿ ಮಳೆಯನ್ನಷ್ಟೇ ಉಳಿಸಿದೆ. ಹತ್ತು ಸಲ ಒತ್ತಿ ಕೇಳಿ, ಖುಷಿಯಲ್ಲಿ ಪೆಟ್ಟಿಗೆ ಆರಿಸಿ ಮಲಗಿದೆ.

ಆ ವಾರ ಮಾಗಡಿ ಕಡೆ ಹಗಲು ನಾಟಕ. ರಾಜನ ಪಾರ್ಟಿಗೆ ಕೂಟಗಲ್ಲಿನ ಹನುಮಂತೇಗೌಡರು. ಎಮ್ಮೆ ಸಾಕಿಕೊಂಡು, ಮಾವು ನೋಡಿಕೊಂಡು ಇರುವ ಮನುಷ್ಯ. ಕಿರೀಟ ಇಟ್ಟರೆ ಮಾತ್ರ ನಿಜವಾದ ರಾಜರೂ ಎದ್ದು ನಿಲ್ಲಬೇಕು, ಅಂಥ ನಿಲುವು. ಬರದಿಂದ ಬೆಂದ ರಾಜ್ಯಕ್ಕೆ ಮಳೆ ಕೊಡೆಂದು ರಾಜ ಎರಡೂ ಕೈಯೆತ್ತಿ ಹಾಡುವ ದೃಶ್ಯ ಬಂತು. ಹಾಡು ಮುಗಿಯಿತು.  ನಾನು ಗುಂಡಿ ಒತ್ತಿದೆ.

ಸ್ಪೀಕರಿನಲ್ಲಿ, ಮುಗಿಲಿನಿಂದ ಬಂದ ಹಾಗೆ, ದೊಡ್ಡದೊಂದು ಕೆಮ್ಮು ಕೇಳಿಸಿತು. ಹಿಂದೆಯೇ "ಸುರು ಆಯ್ತೇನಮ್ಮಾ?"

ಕತ್ತರಿಸಿದ ಮೇಲೆ ನಾನು ಮತ್ತೆ ಸೇವ್ ಮಾಡಿರಲಿಲ್ಲ. ಪೆಟ್ಟಿಗೆ ಆರಿಸಿದಾಗ ಕತ್ತರಿಸಿದ್ದೆಲ್ಲ ಹೋಗಿ ಹಳೆಯದೇ ಉಳಿದಿತ್ತು. ಮೇಷ್ಟ್ರು ಹಾರ್ಮೋನಿಯಂನಿಂದ ಕೈ ತೆಗೆದು ನನ್ನ ಕಡೆ ತಿರುಗಿದರು. ನಾನು ಭೂಮಿ ಬಾಯಿಬಿಡಲಿ ಎಂದು ಕುಳಿತಿದ್ದೆ. ರಂಗದ ಮೇಲೆ ಹನುಮಂತೇಗೌಡರು ಎತ್ತಿದ ಕೈ ಇಳಿಸಲಿಲ್ಲ. ಮುಗಿಲನ್ನೇ ನೋಡುತ್ತಾ ಗಂಭೀರವಾಗಿ, "ಇನ್ನೂ ಆಗಿಲ್ಲ ಪ್ರಭೂ. ನನ್ನ ಪ್ರಜೆಗಳು ನಿನ್ನ ಅಪ್ಪಣೆಗೇ ಕಾದಿದ್ದಾರೆ. ಸುರಿಸು" ಎಂದರು. ಅಷ್ಟು ಹೊತ್ತಿಗೆ ಸರಿಯಾಗಿ ಹುಳುಗಳು ಸೊಪ್ಪು ತಿನ್ನತೊಡಗಿದವು. ಮಳೆ ಬಂತು. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು.

ನಾಟಕ ಮುಗಿದ ಮೇಲೆ ಮೇಷ್ಟ್ರು ನನ್ನನ್ನು ಕರೆದರು. "ದೇವ್ರು ಕೆಮ್ಮಿದ್ನ ಎಲ್ಲಾರ ಕೇಳಿದ್ದೀಯಾ ನೀನು?"

"ಇಲ್ಲ ಮೇಷ್ಟ್ರೇ."

"ನಾನೂ ಕೇಳಿರ್ಲಿಲ್ಲ. ಮನೇಗೋಗಿ ಅಳ್ಸಾಕು."

ಅಳಿಸಿದೆ, ಸೇವ್ ಮಾಡಿದೆ, ಆರಿಸಿ ಮತ್ತೆ ಹಚ್ಚಿ ನೋಡಿದೆ. ಆದರೆ ಮುಂದಿನ ಊರಿನವರು ನಾಟಕ ಗೊತ್ತುಮಾಡಿ ವೀಳ್ಯ ಕೊಡಲು ಬಂದಾಗ, ಆ ಕೆಮ್ಮುವ ದೇವರು ಇದ್ದರೆ ಮಾತ್ರ ನಾಟಕ ಎಂದು ಹಟ ಹಿಡಿದರು. ಮೇಷ್ಟ್ರು ಅವರಿಗೆ ಎಲೆಯಡಿಕೆ ವಾಪಸು ಕೊಡಲು ಹೋದದ್ದನ್ನು ಗೌರಮ್ಮನವರೇ ತಡೆದರು.

ಮೇಷ್ಟ್ರು ಇನ್ನೊಮ್ಮೆ ಮೈಕಿಗೆ ಕೆಮ್ಮಿಕೊಟ್ಟರು. ಹೀಗೆ ಬಹಳ ಕಾಲ ನಡೆಯಿತು. ಆಮೇಲೆ ಮೇಷ್ಟ್ರ ಮಂಡಿ ಕೈಕೊಟ್ಟಿತು.

ಅವರದು ಕಾಲಿನಿಂದ ತುಳಿದು ಗಾಳಿ ತುಂಬುವ ದೊಡ್ಡ ಹಾರ್ಮೋನಿಯಂ. ಎರಡೂ ಕಾಲು ಬಿಡದೆ ತುಳಿಯುತ್ತಿರಬೇಕು. ಕೂಟಗಲ್ಲಿನಲ್ಲಿ ಹೊಸ ನಾಟಕದ ತಾಲೀಮು ನಡೆದಿತ್ತು. ಹಾಡಿನ ನಡುವೆ ಪೆಟ್ಟಿಗೆಯ ದನಿ ಸೊರಗುತ್ತಿತ್ತು, ಮೇಷ್ಟ್ರು ಹಲ್ಲು ಕಚ್ಚಿ ಮತ್ತೆ ತುಳಿಯುತ್ತಿದ್ದರು. ಎದ್ದೇಳುವಾಗ ಇಬ್ಬರು ಹಿಡಿದುಕೊಳ್ಳಬೇಕಾಗಿತ್ತು. 

ಒಂದು ಸೋಮವಾರ ಹನುಮಂತೇಗೌಡರು ನಮ್ಮ ಮನೆಗೆ ಬಂದರು. ಕೊಟ್ಟ ಕಾಫಿ ಆರುವತನಕ ಲೋಟ ಮುಟ್ಟಲಿಲ್ಲ.

"ಜಯಮ್ಮಾರೇ, ಕನಕಪುರದ ಕಡೆ ಮೇಷ್ಟ್ರೊಬ್ರು ಒಪ್ಕೊಂಡವ್ರೆ. ನಮ್ ಹುಡುಗ್ರು ಅವ್ರನ್ನೇ ಕರ್ಸಾನ ಅಂತಾವ್ರೆ. ಮರಿಲಿಂಗಯ್ಯನೋರ್ಗೆ ಈ ಮಾತ್ನ ಹೆಂಗೇಳ್ಲಿ? ನಂಗೆ ಕೈ ಎತ್ತಾದು ಕಲ್ಸಿದ್ದೇ ಅವ್ರು."

"ಒಸಿ ತಡೀರಿ. ಎರಡು ವಾರ ಕೊಡಿ" ಎಂದೆ. ಏನು ಮಾಡಬೇಕೆಂದು ನನಗೂ ಆಗ ಗೊತ್ತಿರಲಿಲ್ಲ.

ಮರುದಿನ ಗುಡೇಮಾರನಹಳ್ಳಿಗೆ ಹೋದೆ. ಮೇಷ್ಟ್ರು ಜಗಲಿಯ ಮೇಲೆ ಕಾಲು ಚಾಚಿ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು. ಹನುಮಂತೇಗೌಡರು ಹೇಳಲಾರದ್ದನ್ನು ಅವರೇ ಹೇಳಿದರು.

"ಡಾಕ್ಟ್ರು ಇನ್ನು ತುಳೀಬ್ಯಾಡ ಅಂದವ್ರೆ. ಕೂಟಗಲ್ಲೋರು ಬೇರೆ ಯಾರ್ನಾರ ನೋಡ್ಕಳ್ಲಿ. ಪೆಟ್ಗೆ ಮಾರ್ಬುಡಾನ ಅಂತಿವ್ನಿ."

"ಮಾರೋಕ್ ಮುಂಚೆ ಅದ್ರ ಸದ್ದು ತಕ್ಕೋತೀನಿ ಮೇಷ್ಟ್ರೇ, ಒಂದೊಂದೇ ಸ್ವರದ ಮನೆ."

"ತಕ್ಕಂಡು?"

"ಕೀಬೋರ್ಡಿಗೆ ಕಟ್ತೀನಿ. ನೀವು ತುಳಿಯೋದು ಬೇಡ. ಬೆರಳಾಡ್ಸಿದ್ರೆ ಸಾಕು."

ಅವರು ಒಪ್ಪಿದ್ದು ನಂಬಿಕೆಯಿಂದಲ್ಲ, ನನ್ನ ಮನಸ್ಸು ನೋಯಿಸಬಾರದೆಂದು. ಆದರೆ ತುಳಿಯುವವರು ಯಾರು? ಗೌರಮ್ಮ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದರು. ಅವರಿಗೆ ಕಾಲಿನಲ್ಲಿ ತುಳಿಯುವ ಹೊಲಿಗೆ ಯಂತ್ರ ರೂಢಿಯಿತ್ತು. "ಇದ್ನ ಇಷ್ಟ್ ವರ್ಸ ಒರ್ಸಿದ್ದೇ ಬಂತು. ಇವತ್ತು ತುಳೀತೀನಿ" ಎಂದು ಕುಳಿತರು. ಅವರ ತುಳಿತ ಮೇಷ್ಟ್ರದಕ್ಕಿಂತ ಸಮವಾಗಿತ್ತು. ಮೇಷ್ಟ್ರು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಒಂದೊಂದೇ ಮನೆ ಒತ್ತಿ ಹಿಡಿದರು. ಒಂದು ಸ್ವರ ಆಗುವಷ್ಟರಲ್ಲಿ ಹೊರಗೆ ನವಿಲು ಕೂಗುತ್ತಿತ್ತು. ಮತ್ತೆ ಮಾಡಿದರೆ ಟ್ರಾಕ್ಟರ್ ಹೋಗುತ್ತಿತ್ತು. ಮೂರನೆಯ ಸಲ ಗೌರಮ್ಮನವರೇ ನಕ್ಕುಬಿಡುತ್ತಿದ್ದರು. ಸಂಜೆಯ ಹೊತ್ತಿಗೆ ಮೇಷ್ಟ್ರ ಪೂರ್ತಿ ಪೆಟ್ಟಿಗೆ ನನ್ನ ಪೆಟ್ಟಿಗೆಯೊಳಗೆ ಬಂದಿತ್ತು.

ಮನೆಯಲ್ಲಿ ಕುಳಿತು ಪ್ರತಿ ಸ್ವರದ ಹಿಂದೆಮುಂದೆ ಶುದ್ಧವಾಗಿ ಕತ್ತರಿಸಿ, ಒಪ್ಪಮಾಡಿ, ಕೀಬೋರ್ಡಿಗೆ ಹೊಂದಿಸಿ ಮೂರನೆಯ ದಿನ ಒಯ್ದೆ. ಮೇಷ್ಟ್ರು ನುಡಿಸಿದರು. ಒಂದು ಹಾಡು ಪೂರ್ತಿ ನುಡಿಸಲಿಲ್ಲ, ಕೈ ತೆಗೆದರು.

"ಸದ್ದೇನೋ ನಂದೇ. ಆದ್ರೆ ಬೆರಳೆತ್ತುದ್ರೆ ಕತ್ತು ಹಿಸುಕ್ದಂಗೆ ನಿಂತೋಯ್ತದಲ್ಲಮ್ಮ."

  ಗೌರಮ್ಮ ಬಾಗಿಲಿಗೆ ಒರಗಿ ಗಂಡನ ಕಾಲನ್ನೇ ನೋಡುತ್ತಿದ್ದರು. "ನೋಡವ್ವ, ಅವ್ರು ನುಡುಸ್ವಾಗ ಪಾದ ಸುಮ್ಕೆ ನೆಲ ಒತ್ತುತಾ ಇತ್ತು. ಕಾಲ್ಗೂ ಏನಾರ ಕೊಡು" ಎಂದರು.

ಆಗ ಬುದ್ಧಿ ಬಂತು. ಮೇಷ್ಟ್ರ ಸಂಗೀತ ಬೆರಳಿನಲ್ಲಿ ಅರ್ಧ, ಪಾದದಲ್ಲಿ ಅರ್ಧ. ಹಾಡು ಏರುವಾಗ ಜೋರಾಗಿ ತುಳಿದು, ಇಳಿಯುವಾಗ ಕಾಲು ತಡೆದು ಅವರು ದನಿಯನ್ನು ಉಬ್ಬಿಸಿ ಇಳಿಸುತ್ತಿದ್ದರು. ಗಾಳಿ ಮುಗಿಯುತ್ತಾ ಸ್ವರ ಮೆಲ್ಲಗೆ ಅಡಗುತ್ತಿತ್ತು. ಅಡಗುವ ಆ ಬಾಲವನ್ನೇ ನಾನು ಕಸವೆಂದು ಗುಡಿಸಿ ಹಾಕಿದ್ದೆ. ಪುಣ್ಯಕ್ಕೆ ಕತ್ತರಿಸುವ ಮುಂಚಿನ ಪ್ರತಿ ಬೇರೆ ಇತ್ತು. ಬಾಲಗಳನ್ನೆಲ್ಲ ಮತ್ತೆ ಸೇರಿಸಿದೆ. ಆರ್ಕೆಸ್ಟ್ರಾದವರು ಸದ್ದು ಏರಿಸಿ ಇಳಿಸಲು ಬಳಸುವ ಪೆಡಲ್ ಒಂದು ನನ್ನ ಅಟ್ಟದ ಮೇಲೆ ಬಿದ್ದಿತ್ತು. ಅದನ್ನು ಒಯ್ದು ಕೀಬೋರ್ಡಿಗೆ ಚುಚ್ಚಿ ಮೇಷ್ಟ್ರ ಬಲಗಾಲಿನ ಕೆಳಗಿಟ್ಟೆ. ಅದಕ್ಕೆ ಮಂಡಿ ಬೇಕಿಲ್ಲ, ಹಿಮ್ಮಡಿ ಊರಿ ಪಾದ ಒತ್ತಿದರೆ ಸಾಕು.

ಮೇಷ್ಟ್ರು ಒತ್ತಿ ನೋಡಿದರು. ಸ್ವರ ಉಬ್ಬಿತು. ಪಾದ ಸಡಿಲಿಸಿದರು. ಸ್ವರ ಮೆಲ್ಲಗೆ ಅಡಗಿತು. ಇನ್ನೊಮ್ಮೆ. ಆಮೇಲೆ ನಾವಿಬ್ಬರು ಹೆಂಗಸರು ಅಲ್ಲಿರುವುದನ್ನೇ ಮರೆತು ನುಡಿಸತೊಡಗಿದರು. ಗೌರಮ್ಮ ಹುಳುಗಳಿಗೆ ಸೊಪ್ಪು ಹಾಕಿ ಬಂದರೂ ಅವರದು ಮುಗಿದಿರಲಿಲ್ಲ. ಕೊನೆಗೆ ತಲೆಯೆತ್ತಿ, "ಪರ್ವಾಗಿಲ್ಲ" ಎಂದರು.

ಕೂಟಗಲ್ಲಿನವರು ಕನಕಪುರಕ್ಕೆ ಹೋಗಲಿಲ್ಲ. ಮೇಷ್ಟ್ರಿಗೆ ಮಾತ್ರ ಹುಚ್ಚು ಹಿಡಿಯಿತು. ಒಂದೇ ಗುಂಡಿಯಲ್ಲಿ ಇಡೀ ಪೆಟ್ಟಿಗೆಯ ಶ್ರುತಿ ತಗ್ಗಿಸಬಹುದೆಂದು ತಿಳಿದ ದಿನ ಅವರು, ಜೀವಮಾನವಿಡೀ ಯಾರಿಗೂ ಶ್ರುತಿ ಇಳಿಸದಿದ್ದವರು, ದನಿ ದಪ್ಪವಾಗುತ್ತಿದ್ದ ಹನುಮಂತೇಗೌಡರನ್ನು ಕರೆದು "ಒಸಿ ಇಳುಸ್ಲಾ ಗೌಡ? ಯಾರ್ಗೂ ಗೊತ್ತಾಗಲ್ಲ" ಎಂದು ಕಿವಿಯಲ್ಲಿ ಕೇಳಿದರು. ಗುಡುಗಿನ ಗುಂಡಿ ಎಲ್ಲಿದೆಯೆಂದು ಕಂಡುಕೊಂಡ ಮೇಲೆ ತಾಲೀಮಿನಲ್ಲಿ ಯಾರು ಮಾತು ಮರೆತರೂ ಬೈಯುವ ಬದಲು ಅದನ್ನು ಒತ್ತುತ್ತಿದ್ದರು. ಆ ನಾಟಕದಷ್ಟು ಬೇಗ ಮಾತು ಬಾಯಿಪಾಠವಾದದ್ದನ್ನು ನಾನು ಕಂಡಿಲ್ಲ.

ಆಟ ರಾಮನಗರದ ಒಂದು ಸಭಾಂಗಣದಲ್ಲಿ, ಹಗಲಿನಲ್ಲಿ. ಹೋಗಿ ನೋಡಿದರೆ ರಂಗದ ಮುಂದೆ ಹೂವಿನ ಕುಂಡ, ಸ್ಪೀಕರು ಇಟ್ಟು ಜಾಗ ತುಂಬಿಸಿದ್ದರು. ಹಳೆಯ ಪೆಟ್ಟಿಗೆಯಾಗಿದ್ದರೆ ಜಗಳವಾಗುತ್ತಿತ್ತು. ಕೀಬೋರ್ಡಿನ ಸ್ಟ್ಯಾಂಡು ಹಗುರ, ರಂಗದ ಒಂದು ಬದಿಗೆ ಹಾಕಿದೆ. ವೈರು ಎಟುಕಬೇಕಾದ್ದರಿಂದ ಮೇಷ್ಟ್ರ ಮುಖ ಅರ್ಧ ನಟರ ಕಡೆಗೂ ಅರ್ಧ ಜನರ ಕಡೆಗೂ ಬಂತು. ಅಲ್ಲಿಯತನಕ ಅವರು ಪ್ರತಿ ನಾಟಕದಲ್ಲೂ ರಂಗಕ್ಕೆ ಮುಖ, ಜನಕ್ಕೆ ಬೆನ್ನು ಮಾಡಿಯೇ ಕುಳಿತವರು. ಮುಂದಿನ ಸಾಲಿನಲ್ಲಿದ್ದ ಅಜ್ಜಿಯೊಬ್ಬರು ಪಕ್ಕದವರಿಗೆ, "ಮೇಷ್ಟ್ರು ಅಂದ್ರೆ ಇವ್ರೇನಾ? ಹಿಂದ್ಲಿಂದ ನೋಡಿದ್ರೇನೇ ಗುರ್ತು ಸಿಕ್ಕಾದು" ಎಂದದ್ದು ನನಗೂ ಕೇಳಿಸಿತು.

ರಾಣಿ ತನ್ನ ಮಗನಿಗೆ ತಿಲಕವಿಟ್ಟು ಯುದ್ಧಕ್ಕೆ ಕಳಿಸುವ ದೃಶ್ಯ. ನಾನು ಮುಂದಿನ ಶಂಖಕ್ಕೆ ಬೆರಳು ಸಿದ್ಧ ಮಾಡಿಕೊಂಡು ಕಾದಿದ್ದೆ. ಹಾಡಿನ ನಡುವೆ ಹಾರ್ಮೋನಿಯಂ ಒಂದು ಕ್ಷಣ ನಿಂತಿತು. ತಿರುಗಿ ನೋಡಿದರೆ ಮೇಷ್ಟ್ರು ರಾಣಿಯನ್ನು ನೋಡುತ್ತಿರಲಿಲ್ಲ. ಸಾಲುಸಾಲು ಕುಳಿತ ಜನರನ್ನು ನೋಡುತ್ತಿದ್ದರು. ಹೆಂಗಸರು ಸೆರಗಿನಲ್ಲಿ, ಗಂಡಸರು ಟವೆಲಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು. ತಬಲದವರು ತಾಳ ಬಿಡದೆ ಹಿಡಿದಿದ್ದರು. ಮೇಷ್ಟ್ರು ಎಚ್ಚೆತ್ತು ಮತ್ತೆ ಸೇರಿಕೊಂಡರು. ಆಮೇಲೆ ಅವರು ನುಡಿಸಿದ್ದನ್ನು ನಾನು ಹೇಗೆಂದು ಬರೆಯಲಿ, ಸ್ಯಾಂಪ್ಲರಿನೊಳಗೆ ಅದನ್ನು ನಾನು ತುಂಬಿಸಿರಲಿಲ್ಲ ಎಂದಷ್ಟೇ ಬಲ್ಲೆ.

ಪರದೆ ಬಿತ್ತು. ಅವರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸುತ್ತಾ ಕೇಳಿದರು, "ಜನ ಅಳ್ತಾರಲ್ಲಮ್ಮ?"

"ಈ ಸೀನಿಗೆ ಯಾವಾಗ್ಲೂ ಅಳ್ತಾರೆ ಮೇಷ್ಟ್ರೇ."

"ಯಾವಾಗ್ಲೂವಾ? ನಂಗೆ ಯಾರೂ ಯೋಳ್ಲೇ ಇಲ್ವಲ್ಲ."

ಮುಂದಿನ ದೃಶ್ಯಕ್ಕೆ ಗಂಟೆ ಹೊಡೆದರು. ನಟರು ಕಾಣಲೆಂದು ನಾನು ಸ್ಟ್ಯಾಂಡನ್ನು ಸ್ವಲ್ಪ ರಂಗದ ಕಡೆಗೆ ತಿರುಗಿಸಲು ಹೋದೆ. ಮೇಷ್ಟ್ರು ಅದರ ಮೇಲೆ ಕೈಯಿಟ್ಟು ಹಿಡಿದರು.

"ಬ್ಯಾಡ, ಹಿಂಗೇ ಇರ್ಲಿ ಬುಡು. ಇನ್ಮೇಕೆ ಎಲ್ಲೋದ್ರೂ ಹಿಂಗೇ ಮಡಗು."